ನಡುಸಾಲಿಗೆ ಬಾರದ ನೀರು

ಮಳೆ ನಿಂತ ಮೇಲೆ ಹೊಲದುದ್ದ ನಡೆದು ಬಂದರೂ ಚಪ್ಪಲಿ ಹಗುರಾಗಿಯೇ ಇತ್ತು. ವಿಜಯಪುರದ ನಮ್ಮ ಎರಿ ಹೊಲದಲ್ಲಾದರೆ ಕಪ್ಪು ಮಣ್ಣಿನ ಕೆಸರು ಮೆತ್ತಿಕೊಂಡು ನನ್ನಂಥ ಕುಳ್ಳನೂ ಗೇಣುದ್ದ ಎತ್ತರವಾಗುತ್ತಾನೆ. ಗುಂಡ್ಲುಪೇಟೆ ಹತ್ತಿರದ ಹಂಗಳದ ಕೆಮ್ಮಣ್ಣು ನನ್ನನ್ನು ಹಿಡಿದುಕೊಳ್ಳಲೇ ಇಲ್ಲ. ಬಂದ ದಿನವೇ ಅವಮಾನವಾದಂತಾಯಿತು.

ನನ್ನ ಕೆಲಸ ಕೇಳಿದರೆ ಊರಲ್ಲಿ ನಗುತ್ತಾರೆ. ಹನಿ ನೀರಾವರಿ ಪೈಪಿನಿಂದ ಬಿದ್ದ ನೀರು ಮಣ್ಣೊಳಗೆ ಎಷ್ಟು ಅಗಲ, ಎಷ್ಟು ಆಳ ಹರಡುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಚಿತ್ರ ತೆಗೆಯುವುದು. ಆಫೀಸು ಚಾಮರಾಜನಗರದಲ್ಲಿ, ಬಾಡಿಗೆ ಕೋಣೆ ಗುಂಡ್ಲುಪೇಟೆಯಲ್ಲಿ. ರೊಟ್ಟಿ ಬಡಿಯುವ ಸದ್ದಿಲ್ಲದೆ ಎದ್ದರೆ ಇನ್ನೂ ಬೆಳಗಾಗಿಲ್ಲವೆಂದೇ ಅನ್ನಿಸುತ್ತದೆ. ಸಂಜೆ ಮಾತಿಗೆ ಯಾರೂ ಇಲ್ಲದಾಗ ಬಸ್ ಕಂಡಕ್ಟರ್, ಕೆಳಗಿನ ಟೀ ಅಂಗಡಿಯ ಮಲಯಾಳಿ, ನಮ್ಮ ಸಾಹೇಬರು, ಎಲ್ಲರ ದನಿಯಲ್ಲೂ ನಾನೇ ಮಾತಾಡುತ್ತೇನೆ. ಸಾಹೇಬರ ದನಿಯಲ್ಲಿ ನನಗೆ ನಾನೇ ರಜೆ ಕೊಟ್ಟುಕೊಂಡದ್ದೂ ಉಂಟು.

ಹಂಗಳದ ಮಾದೇವಮ್ಮನವರ ಅರಿಶಿನದ ಹೊಲ ನನ್ನ ಪಾಲಿಗೆ ಬಂದಿತ್ತು. ಎರಡು ಪೈಪಿನ ನಡುವೆ ಮೂರು ಸಾಲು. ಪೈಪಿನ ಪಕ್ಕದವು ಹಸಿರಾಗಿದ್ದವು, ನಡುಸಾಲು ಹಳದಿಗೆ ತಿರುಗಿತ್ತು. ಇನ್ನೂ ಹೆಚ್ಚು ಹೊತ್ತು ನೀರು ಬಿಟ್ಟರೆ ಅಲ್ಲಿಗೂ ತಲುಪುತ್ತದೆ ಎಂದಿತು ನನ್ನ ಚಿತ್ರ. ಅವರು ನಂಬಿ ಬಿಟ್ಟರು. ಆದರೂ ಎಲೆ ಒಣಗುತ್ತಲೇ ಹೋಯಿತು.

ಗುಂಡಿ ತೋಡಿ ನೋಡೋಣವೆಂದು ಸೋಮವಾರ ಗುದ್ದಲಿ ಎತ್ತಿದೆ.

“ಸೋಮಾರ ಮಣ್ಗೆ ಗುದ್ಲಿ ಆಕ್ಬ್ಯಾಡ ಕಣಪ್ಪ,” ಎಂದರು ಮಾದೇವಮ್ಮ.

ನಮ್ಮಲ್ಲೂ ಸೋಮವಾರ ಎತ್ತು ಹೂಡುವುದಿಲ್ಲ, ಆದರೆ ಗುದ್ದಲಿಗೆ ರಜೆಯಿಲ್ಲ. ಇಲ್ಲಿ ಅದಕ್ಕೂ ಇದೆ. ಒಳಗೊಳಗೇ ಖುಷಿಯಾಯಿತು. ನೀರಿಗೆ ಹರಡಲು ಇನ್ನೊಂದು ದಿನ ಸಿಕ್ಕಿತಲ್ಲ.

ಮಂಗಳವಾರ ಅಡ್ಡಕ್ಕೆ ಅಗೆದೆವು. ತೇವ ತಟ್ಟೆಯಂತೆ ಅಗಲವಾಗಿರಲಿಲ್ಲ, ಮೂಲಂಗಿಯಂತೆ ನೆಟ್ಟಗೆ ಕೆಳಗಿಳಿದಿತ್ತು. ನಡುಸಾಲಿನ ಬುಡದ ಮಣ್ಣು ಬೆರಳಲ್ಲಿ ಪುಡಿಯಾಯಿತು. ಕಂಪ್ಯೂಟರಿಗೆ ಮಣ್ಣಿನ ಗುಣ ತುಂಬುವಾಗ ನನ್ನ ಕೈ ನಮ್ಮ ಎರಿಯ ಕಡೆಗೇ ವಾಲಿತ್ತು. ಅಲ್ಲಿ ನೀರು ನಿಧಾನವಾಗಿ, ಅಗಲಕ್ಕೆ ಹರಡುತ್ತದೆ.

“ಏನ್ ತೊಂದ್ರಿ ಇಲ್ರೀ, ನೀರು ಬರ್ತೈತ್ರೀ,” ಎಂದರು ಮಾದೇವಮ್ಮ, ಅಂದು ನಾನು ಹೇಳಿದ್ದನ್ನೇ ಥೇಟ್ ನನ್ನ ದನಿಯಲ್ಲಿ. ಜಗತ್ತನ್ನೇ ಅಣಕಿಸುವವನು ತಲೆ ತಗ್ಗಿಸಿದೆ.

“ಈಗ್ಲೇ ಇನ್ನೊಂದು ಪೈಪ್ ಎಳೆದ್ರೆ, ಅಮ್ಮ?”

“ಮದ್ಲೇ ಯೋಳಿದ್ರೆ ಮದ್ಲೇ ಎಳೀತಿದ್ದೆ.” ಕೈಯ ಮಣ್ಣು ಕೊಡವಿಕೊಂಡು, “ಬುಡು. ಆ ಕಡೆ ತುದೀಲಿ ಇನ್ನೂ ಜೀವ ಅದೆ. ಅಷ್ಟಾದ್ರೂ ಉಳಿಸ್ಕಳನ, ಬಾ ಮಗ.”

ಸತ್ತ ಗಿಡಗಳನ್ನು ಇಬ್ಬರೂ ಕಿತ್ತೆವು. ಕಿರುಬೆರಳಿನಷ್ಟೇ ಆಗಿದ್ದ ಗಡ್ಡೆಗಳಿಂದ ಅರಿಶಿನದ ವಾಸನೆ ಬರುತ್ತಿತ್ತು. ಉಳಿದ ತುದಿಗೆ ಪೈಪ್ ಎಳೆದು, ಸ್ವಲ್ಪಸ್ವಲ್ಪವೇ ನೀರು ಬಿಡುತ್ತಾ ಬದುವಿನಲ್ಲಿ ಕೂತಿದ್ದಾಗ ಅವ್ವನ ಫೋನು ಬಂತು.

“ಮಳಿ ಭಾಳ ಚಲೋ ಆತಪಾ. ಬೆಳಿ ನೋಡಾಕ ಎರಡು ಕಣ್ಣು ಸಾಲಂಗಿಲ್ಲ.”

“ತುದಿಗಿನವು ಎರಡು ದಿನದಾಗ ಚಿಗತರ ಉಳೀತಾವ ಬೇ,” ಎಂದೆ.

“ಯಾವ ತುದಿ? ನಾ ನಮ್ಮ ಹೊಲದ ಸುದ್ದಿ ಹೇಳಾಕತ್ತೀನಿ.”

“ನಾನೂ,” ಎಂದೆ.