ಬೋಲ್ಬೆಕ್‌ನಿಂದ ಬಂದ ಸುದ್ದಿ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಶಾಲೆಯನ್ನು ಅರ್ಧಕ್ಕೇ ಬಿಟ್ಟವಳು, ಮಾತು ಜೋಡಿಸಲೂ ಸರಿಯಾಗಿ ಬಾರದು. ಓದುವವರು ಕ್ಷಮಿಸಬೇಕು. ಎಸ್ತೆರಕ್ಕನ ಬಗ್ಗೆ ಬರೆಯುವವರು ಬೇರೆ ಯಾರೂ ಇಲ್ಲ.

ಪೋಪನನ್ನು ಒಪ್ಪದ ನಮ್ಮ ಕ್ರೈಸ್ತ ಮತವನ್ನು ಫ್ರಾನ್ಸಿನ ರಾಜ ನಿಷೇಧಿಸಿದಾಗ ಎಸ್ತೆರ್ ಗರ್ನೂ ನೇಕಾರರ ಊರಾದ ಬೋಲ್ಬೆಕ್ ಬಿಟ್ಟು, ಉಪ್ಪುಮೀನಿನ ಪೀಪಾಯಿಗಳ ನಡುವೆ ಅಡಗಿ ಹಾಲೆಂಡಿನ ಲೈಡನ್‌ಗೆ ಬಂದಳು. ನೇಕಾರನಾಗಿದ್ದ ಅವಳ ತಮ್ಮ ಇಸಾಕ್ ಬರಲಿಲ್ಲ. ಇಲ್ಲಿ ಫ್ರೆಂಚ್ ಪತ್ರಿಕೆ ಅಚ್ಚಾಗುವ ಮನೆಯಲ್ಲಿ ಒದ್ದೆ ಹಾಳೆಗಳನ್ನು ಹಗ್ಗಕ್ಕೆ ಹಾಕುವುದು ಅವಳ ಕೆಲಸ, ಒಣಗಿದ್ದನ್ನು ಮಡಿಸುವುದು ನನ್ನದು. ನಾನು ಯಾರೊಡನೆಯೂ ಮಾತಾಡುತ್ತಿರಲಿಲ್ಲ.

"ನಾಲಿಗೇನ ಸುಂಕದವರು ಕಿತ್ಕೊಂಡ್ರೇನೇ?" ಎಂದು ರೇಗಿಸಿ, ತನ್ನ ರೊಟ್ಟಿಯಲ್ಲಿ ಅರ್ಧ ಕೊಡುತ್ತಿದ್ದಳು.

ಫ್ರಾನ್ಸಿನಲ್ಲಿ ಅಚ್ಚು ಮಾಡಲು ಬಿಡದ ಸುದ್ದಿಗಳನ್ನು ಇಸಾಕ್ ಗುಟ್ಟಾಗಿ ಬರೆದು ಕಳಿಸುತ್ತಿದ್ದ. ಅವು ಇಲ್ಲಿ ಅಚ್ಚಾಗಿ, ಬಟ್ಟೆಯ ಮೂಟೆಗಳಲ್ಲಿ ಅಲ್ಲಿಗೇ ಮರಳುತ್ತಿದ್ದವು. ಪ್ರತಿ ಸುದ್ದಿಯ ಮೇಲೂ ಅದು ಹೊರಟ ಊರಿನ ಹೆಸರು ಹಾಕುವುದು ಪತ್ರಿಕೆಯ ಪದ್ಧತಿ. ಇಸಾಕನ ಸುದ್ದಿಗೆ ಮಾತ್ರ ಯಜಮಾನ ಊರು ಬದಲಿಸಿ, ದೊಡ್ಡ ನಗರವಾದ ರೂಆನ್ ಎಂದು ಹಾಕಿಸುತ್ತಿದ್ದ. ಬೋಲ್ಬೆಕ್‌ನಲ್ಲಿ ಅಂಥದ್ದನ್ನು ಬರೆಯಬಲ್ಲವನು ಇಸಾಕ್ ಒಬ್ಬನೇ ಎಂದು ಅಲ್ಲಿ ಎಲ್ಲರಿಗೂ ಗೊತ್ತಿತ್ತು.

ಈ ಚಳಿಗಾಲ ಯಜಮಾನ ಜ್ವರದಿಂದ ಮಲಗಿದ. ಅಚ್ಚುಮೊಳೆ ಜೋಡಿಸುವ ಹುಡುಗ ಕ್ಲಾಸ್ ಹೊಸಬ, ಊರು ಬದಲಿಸುವ ವಿಷಯ ಅವನಿಗೆ ತಿಳಿಯದು.

"ಎಸ್ತೆರಕ್ಕಾ, ಬಿಯರ್ ಕೊಡಿಸ್ಬೇಕು ನೀನು! ನಿಮ್ಮೂರು ಪತ್ರಿಕೇಲಿ ಬಂದಿದೆ!" ಎಂದು ಕೂಗಿದ.

ಅವಳು ಕೈಯಲ್ಲಿದ್ದ ಹಾಳೆ ನೋಡಿದಳು. ಮತ ಬಿಡದೆ ಸತ್ತ ಮುದುಕಿಯ ಹೆಣವನ್ನು ಸೈನಿಕರು ಬೀದಿಯಲ್ಲಿ ಎಳೆದ ಸುದ್ದಿ. ಮೇಲೆ, ಬೋಲ್ಬೆಕ್.

"ಯಾರು ಹೇಳಿದ್ರೋ ಈ ಊರಿನ ಹೆಸರು ಹಾಕೋಕೆ?"

"ಕಾಗದದಲ್ಲಿ ಇತ್ತಮ್ಮ, ಇದ್ದದ್ದು ಹಾಕ್ದೆ. ತಪ್ಪಾ?"

"ಮೊದಲ ಕಟ್ಟು ಎಲ್ಲಿ?"

"ಬೆಳಿಗ್ಗೇನೇ ದೋಣಿ ಹತ್ತಿತಲ್ಲ."

ಆ ಕಟ್ಟಿನ ಹಾಳೆಗಳನ್ನು ಒಣಹಾಕಿದವಳು ಅವಳೇ. ಅಷ್ಟು ಹಾಳೆಗಳನ್ನು ಯಾರು ಓದುತ್ತಾರೆ? ಕ್ಲಾಸ್‌ಗೆ ವಿಷಯ ತಿಳಿಸಿದಾಗ ಅವನು ಟೋಪಿ ತೆಗೆದು ಗೋಡೆಯ ಕಡೆ ತಿರುಗಿ ನಿಂತ.

ವಸಂತದಲ್ಲಿ ರೂಆನ್‌ನಿಂದ ಒಂದು ಸಾಲಿನ ಸುದ್ದಿ ಬಂತು: ಬೋಲ್ಬೆಕ್‌ನ ನೇಕಾರನೊಬ್ಬನಿಗೆ ರಾಜನ ಹಡಗಿನಲ್ಲಿ ಸಾಯುವವರೆಗೆ ಹುಟ್ಟು ಹಾಕುವ ಶಿಕ್ಷೆ. ಆ ಹಾಳೆಗಳನ್ನೂ ಎಸ್ತೆರಕ್ಕ ಒಂದೊಂದಾಗಿ ಹಗ್ಗಕ್ಕೆ ಹಾಕಿದಳು. ಆಮೇಲೆ ಕೈ ತೊಳೆದು ಶಾಲು ಹೊದ್ದಳು.

"ಗಡಿ ದಾಟಿದ್ರೆ ನಿನ್ನನ್ನೂ ಹಿಡೀತಾರಕ್ಕ," ಎಂದೆ.

"ಹಿಡೀಲಿ ಬಿಡೇ. ನನ್ನ ತಮ್ಮನಿಗೆ ಸರಪಳಿ ಹಾಕಿ ರಸ್ತೇಲಿ ನಡೆಸ್ಕೊಂಡು ಹೋಗ್ತಾರಂತೆ. ಒಂದ್ಸಲ ಅವನ ಮುಖ ನೋಡ್ತೀನಿ."

ಹೋದವಳು ಬಂದಿಲ್ಲ. ಅವಳಿಂದ ಸುದ್ದಿಯೂ ಇಲ್ಲ. ಸೋಮವಾರದಿಂದ ಹಗ್ಗದ ಬಳಿ ಅವಳ ಜಾಗದಲ್ಲಿ ನಾನು ನಿಲ್ಲುತ್ತೇನೆ.