ನೋಟೀಸು ಬೋರ್ಡಿನ ಮೂವತ್ತು ದಿನ

ಮಾಳಿಗೆ ಮೇಲಿನ ಕೋಣೆ ಸೋರುತ್ತದೆಂದು ಈ ಬೇಸಿಗೆಯಲ್ಲಿ ಅಲ್ಲಿದ್ದ ಸಾಮಾನನ್ನೆಲ್ಲ ಹೊರಗೆ ತೆಗೆಸಿದೆ. ಹಳೆಯ ಟ್ರಂಕಿನ ಹಿಂದೆ ಒಂದು ಕಲ್ಲು ಸಿಕ್ಕಿತು. ಅಂಗೈಯಗಲದ್ದು, ಬೂದಿ ಬಣ್ಣ, ನಡುವೆ ನಸುಗೆಂಪು ಗೆರೆ. ನಮ್ಮ ಕಡೆ ಕಲ್ಲಿಗೇನೂ ಬರವಿಲ್ಲ. ನೆಲ, ಗೋಡೆ, ಕಟ್ಟೆ ಎಲ್ಲ ಅದರದೇ. ಆದರೆ ಈ ಕಲ್ಲಿನ ಮೂಲೆಯಲ್ಲಿ ಬಿಳಿ ಬಣ್ಣದಲ್ಲಿ ‘ದಂಡೋತಿ, ೧೭’ ಎಂದು ಬರೆದಿತ್ತು. ಕೋಲು ಹಿಡಿದು ತಿದ್ದಿಸುವವರ ದುಂಡು ಅಕ್ಷರ... ಅಕ್ಕೋರದು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನೆಲ್ಲ ಅಕ್ಕೋರು ಎಂದೇ ಕರೆಯುತ್ತಾರೆ. ಚಿತ್ತಾಪುರದಲ್ಲಿ ಹಾಗೆ ಕರೆಸಿಕೊಳ್ಳುವವರು ಹತ್ತಾರು ಮಂದಿ ಇದ್ದರೂ ನನ್ನ ಪಾಲಿಗೆ ಅಕ್ಕೋರು ಎಂದರೆ ಪಕ್ಕದ ಮನೆಯವರು ಒಬ್ಬರೇ. ಕಲ್ಲು ಕೈಗೆತ್ತಿಕೊಂಡಾಗ ಮೊದಲು ಅವರ ಮುಖ ನೆನಪಾಗಬೇಕಿತ್ತು. ನನಗೆ ನೆನಪಾದದ್ದು ಆಗಿನ ನನ್ನ ಚಿಂತೆಗಳು.

ಆಗ ನಮ್ಮ ಮಾಳಿಗೆ ಕೋಣೆಯಲ್ಲಿದ್ದ ಹುಡುಗನನ್ನು ಪೊಲೀಸರು ಜೀಪಿನಲ್ಲಿ ಕೂಡಿಸಿಕೊಂಡು ಹೋಗಬಹುದಿತ್ತು. ಪರದೇಶದವನನ್ನು ಬಾಡಿಗೆಗೆ ಇಟ್ಟುಕೊಂಡು ಠಾಣೆಗೆ ತಿಳಿಸಲಿಲ್ಲವೆಂದು ಅದೇ ಜೀಪಿನಲ್ಲಿ ನನ್ನನ್ನೂ ಕೂಡಿಸಿಕೊಳ್ಳಬಹುದಿತ್ತು. ನನ್ನ ಗುಮಾಸ್ತಗಿರಿ ಹೋಗಬಹುದಿತ್ತು. ಅಕ್ಕೋರ ನೌಕರಿಗೂ ಸಂಚಕಾರ ಬರಬಹುದಿತ್ತು. ಅವರಿಬ್ಬರ ಮದುವೆಗೆ ಯಾರಾದರೂ ತಕರಾರು ಅರ್ಜಿ ಕೊಡಬಹುದಿತ್ತು. ಬೋರ್ಡಿಗೆ ಹಚ್ಚಿದ ಮದುವೆಯ ನೋಟೀಸು ಮಳೆಗೆ ತೊಯ್ದು ಹರಿದು ಮೂವತ್ತು ದಿನವನ್ನು ಮತ್ತೆ ಮೊದಲಿನಿಂದ ಎಣಿಸಬೇಕಾಗಬಹುದಿತ್ತು. ನೋಂದಣಿ ಕಚೇರಿಯ ಅಂಗಳದಲ್ಲಿ ಆಡುಗಳು ಅಡ್ಡಾಡುತ್ತಿದ್ದವು. ಮೈದಾ ಅಂಟು ಬಳಿದ ಕಾಗದವೆಂದರೆ ಅವಕ್ಕೆ ಪ್ರೀತಿ. ಸಾಕ್ಷಿ ಸಹಿ ಹಾಕಬೇಕಾದ ದಿನವೇ ನನಗೆ ಜ್ವರ ಬರಬಹುದಿತ್ತು. ಇದೆಲ್ಲದರ ನಡುವೆ ಅಕ್ಕೋರು ಮನಸ್ಸು ಬದಲಿಸಬಹುದಿತ್ತು ಎಂಬುದೊಂದು ಮಾತ್ರ ನನಗೆ ಹೊಳೆದಿರಲಿಲ್ಲ. ಅವರು ಬದಲಿಸುವವರೂ ಆಗಿರಲಿಲ್ಲ.

ಹುಡುಗ ಇಥಿಯೋಪಿಯಾದವನು. ಹುಡುಗ ಎಂದರೂ ಮೂವತ್ತೆರಡು ದಾಟಿದ್ದ. ಅಕ್ಕೋರಿಗಿಂತ ಎರಡು ವರ್ಷಕ್ಕೆ ಚಿಕ್ಕವನು. ಕಲ್ಲಿನ ಮೇಲೆ ಪಿಎಚ್.ಡಿ. ಮಾಡುತ್ತಿದ್ದ. ಕಾಗಿಣಾ ನದಿಯ ದಂಡೆಯ ಕಲ್ಲು ನೋಡಬೇಕೆಂದು ಚಿತ್ತಾಪುರಕ್ಕೆ ಬಂದು ನಮ್ಮ ಮಾಳಿಗೆ ಮೇಲಿನ ಕೋಣೆ ಹಿಡಿದ. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು, ಊರಲ್ಲಿ ಮೊಬೈಲು ಇನ್ನೂ ಬಂದಿರಲಿಲ್ಲ. ಹೆಗಲಿಗೆ ಚೀಲ, ಕೈಯಲ್ಲಿ ಸುತ್ತಿಗೆ ಹಿಡಿದು ಅವನು ದಂಡೋತಿಗೆ ಹೋದರೆ ಅಲ್ಲಿಯವರು ನೆಲಕ್ಕೆ ಹಾಸುವ ಫರಸಿಕಲ್ಲಿನ ವ್ಯಾಪಾರಿ ಎಂದುಕೊಂಡು ರೇಟು ಕೇಳುತ್ತಿದ್ದರಂತೆ. ಕಲ್ಲನ್ನು ಬರೀ ನೋಡಲಿಕ್ಕೆಂದು ಒಬ್ಬ ಅಷ್ಟು ದೂರದಿಂದ ಬಂದಿದ್ದಾನೆಂದರೆ ಶಹಾಬಾದಿನಿಂದ ಸೇಡಂವರೆಗೆ ಯಾರು ನಂಬುತ್ತಾರೆ?

ಜನರೊಡನೆ ಮಾತಾಡಲು ಅವನಿಗೆ ಕನ್ನಡ ಬೇಕಾಯಿತು. ನಮ್ಮವ್ವ ಅವನನ್ನು ಅಕ್ಕೋರ ಹತ್ತಿರ ಕಳಿಸಿದಳು. ಸಂಜೆ ಶಾಲೆಯಿಂದ ಬಂದ ಮೇಲೆ ಅವರು ತಮ್ಮ ಮನೆಯ ಕಟ್ಟೆಯ ಮೇಲೆ ಕೂತು ಅವನಿಗೆ ಅಕ್ಷರ ತಿದ್ದಿಸುತ್ತಿದ್ದರು, ಅವನ ಕಲ್ಲುಗಳಿಗೆ ಹೆಸರು, ಅಂಕಿ ಬರೆದುಕೊಡುತ್ತಿದ್ದರು. ಊರವರು ಕರೆಯುವಂತೆ ಅವನೂ ಅಕ್ಕೋರು ಎಂದೇ ಕರೆಯುತ್ತಿದ್ದ. ಅವರಿಬ್ಬರ ನಡುವೆ ಏನು ನಡೆಯುತ್ತಿದೆ ಎಂಬುದನ್ನು ನಾನು ಗಮನಿಸಲಿಲ್ಲ. ಎಲ್ಲರಿಗಿಂತ ಹತ್ತಿರದಲ್ಲಿದ್ದವನು ನಾನೇ. ಆದರೆ ಅವನು ತಂದು ಪೇರಿಸುತ್ತಿದ್ದ ಕಲ್ಲಿನ ಭಾರಕ್ಕೆ ಮಾಳಿಗೆ ಕುಸಿದೀತೆಂಬ ಚಿಂತೆಯಲ್ಲಿ ಕಲ್ಲು ಎಣಿಸುತ್ತ ಕೂತಿದ್ದೆ.

ಅಕ್ಕೋರ ತಂದೆ ನಿವೃತ್ತ ಪೋಸ್ಟ್ ಮಾಸ್ತರು. ನಾನು ಕಾಕಾ ಎನ್ನುತ್ತಿದ್ದೆ. ಮನೆಯಲ್ಲಿ ತಂದೆ ಮಗಳು ಇಬ್ಬರೇ. ಕಾಕಾ ಕಟ್ಟಾ ವೈಷ್ಣವರು, ಏಕಾದಶಿ ದಿನ ತೊಟ್ಟು ನೀರು ಮುಟ್ಟುತ್ತಿರಲಿಲ್ಲ. ಅವರಿಗೆ ಹುಡುಗನ ಮೇಲೆ ಪ್ರೀತಿ ಹುಟ್ಟಿದ್ದೂ ಉಪವಾಸದಿಂದಲೇ. ಅವನು ತನ್ನ ಧರ್ಮದ ಪ್ರಕಾರ ಬುಧವಾರ, ಶುಕ್ರವಾರ ಮಧ್ಯಾಹ್ನದವರೆಗೆ ಏನೂ ತಿನ್ನುತ್ತಿರಲಿಲ್ಲ, ಆಮೇಲೆಯೂ ಹಾಲು ಮೊಸರು ಮುಟ್ಟುತ್ತಿರಲಿಲ್ಲ. “ನಮ್ಮ ಹುಡುಗ್ರೇ ಏಕಾದಶಿ ದಿನ ಹೋಟೆಲ್ನಾಗ ಕುಂತು ಮಿರ್ಚಿ ತಿಂತಾವ. ಇವನ್ನ ನೋಡಿ ಕಲೀರಿ” ಎಂದು ಕಾಕಾ ನನ್ನ ಕಡೆ ನೋಡಿಯೇ ಹೇಳುತ್ತಿದ್ದರು. ಮಿರ್ಚಿ ತಿಂದವನು ನಾನೇ ಆಗಿದ್ದೆ.

ಒಂದು ಸಂಜೆ ಅಕ್ಕೋರು ನನ್ನನ್ನು ಕರೆದು ಎರಡು ಸುದ್ದಿ ಹೇಳಿದರು. ಒಂದು, ತಾವಿಬ್ಬರೂ ಮದುವೆಯಾಗಬೇಕೆಂದಿದ್ದೇವೆ. ಇನ್ನೊಂದು, ಅವನ ವೀಸಾ ಮುಗಿದು ಎರಡು ತಿಂಗಳಾಗಿದೆ. ಅವಧಿ ಮುಂದುವರಿಸಲು ಅವನ ಪ್ರೊಫೆಸರರ ಪತ್ರ ಬೇಕಿತ್ತು. ಅವರು ಕಾಯಿಲೆ ಬಿದ್ದು ರಜೆ ಮೇಲಿದ್ದರು, ಇವನು ಹೊಳೆದಂಡೆಯಲ್ಲಿ ತಾರೀಖು ಮರೆತಿದ್ದ. ಮೊದಲ ಸುದ್ದಿ ನನ್ನ ತಲೆಗೆ ಇಳಿಯಲೇ ಇಲ್ಲ. ಎರಡನೆಯದಕ್ಕೆ ಬೆವತುಹೋದೆ. ಸದ್ದಿಲ್ಲದೆ ಚಿಂಚೋಳಿ ಕಡೆ ಯಾವುದಾದರೂ ಗುಡಿಯಲ್ಲಿ ಮಾಲೆ ಹಾಕಿಕೊಂಡು ಬನ್ನಿ, ಮುಂದಿನದು ಆಮೇಲೆ ನೋಡೋಣ ಎಂದು ಸಲಹೆ ಕೊಟ್ಟೆ.

“ಹುಡುಗ್ರಿಗಿ ಕಾಪಿ ಹೊಡೀಬ್ಯಾಡ್ರಿ ಅಂತ ಹೇಳಾಕಿ ನಾ,” ಎಂದರು ಅಕ್ಕೋರು. “ಕಳ್ಳತನದಾಗ ಲಗ್ನ ಆಗಂಗಿಲ್ಲ. ಮೊದಲ ಪೊಲೀಸ್ರ ಹತ್ರ ಹೋಗೂದು.”

“ಹಿಡಕೊಂಡ್ರ?”

“ಹಿಡಕೊಂಡ್ರ ಬಿಡಿಸ್ಕೊಂಡು ಬರೂದು. ನೀ ಬರ್ತಿಯೋ ಇಲ್ಲೋ, ತಮ್ಮಾ?”

ಹೋದೆ. ಗುಲಬರ್ಗಾದ ಕಚೇರಿಯಲ್ಲಿ ಪರದೇಶದವರ ಕಾಗದಪತ್ರ ನೋಡುವ ಸಾಹೇಬರು ಪಾಸ್‌ಪೋರ್ಟು ತಿರುವಿ ಹಾಕಿ, ಇವರು ನಿಮಗೆ ಏನಾಗಬೇಕು ಎಂದು ಅಕ್ಕೋರನ್ನು ಕೇಳಿದರು. “ಇನ್ನೂ ಏನೂ ಆಗಿಲ್ರಿ. ಆಗಬೇಕಂತ ಬಂದೀವಿ” ಎಂದರು ಇವರು. ಸಾಹೇಬರು ನಗಲಿಲ್ಲ, ಬಯ್ಯಲೂ ಇಲ್ಲ. ತಾವಾಗಿಯೇ ಬಂದು ಹೇಳಿದ್ದು ಒಳ್ಳೆಯದಾಯಿತು, ಫೈಲು ಮೇಲಕ್ಕೆ ಹೋಗಬೇಕು, ಹುಕುಮು ಟಪಾಲಿನಲ್ಲಿ ಬರುತ್ತದೆ, ಅಲ್ಲಿಯವರೆಗೆ ಚಿತ್ತಾಪುರ ಬಿಟ್ಟು ಕದಲಬಾರದು ಎಂದು ಒಂದು ರಸೀದಿ ಕೊಟ್ಟರು. ಆ ಹುಕುಮಿನಲ್ಲಿ ಒಂದು ವಾರದಲ್ಲಿ ದೇಶ ಬಿಡು ಎಂದಿರುತ್ತದೋ, ಮತ್ತೆ ಬರಬೇಡ ಎಂದಿರುತ್ತದೋ ಅವರಿಗೂ ಗೊತ್ತಿರಲಿಲ್ಲ.

ಮರುದಿನವೇ ಅಕ್ಕೋರು ಆ ರಸೀದಿ ತೋರಿಸಿ ನೋಂದಣಿ ಕಚೇರಿಯಲ್ಲಿ ಮದುವೆಯ ನೋಟೀಸು ಕೊಟ್ಟರು. ಬೋರ್ಡಿನ ಮೇಲೆ ಮೂವತ್ತು ದಿನ ಅದು ಇರಬೇಕು. ಯಾರ ತಕರಾರೂ ಇಲ್ಲದಿದ್ದರೆ ಮದುವೆ. ಹುಕುಮು ಬಂದು ಅವನು ಹೊರಡಬೇಕಾಗುವುದರೊಳಗೆ ಆ ಮೂವತ್ತು ದಿನ ಮುಗಿಯಬೇಕಿತ್ತು. ಹೆಂಡತಿ ಇಲ್ಲಿದ್ದರೆ ಮರಳಿ ಬರಲು ಒಂದು ದಾರಿಯಾದರೂ ಉಳಿಯುತ್ತಿತ್ತು.

“ಕಾಕಾಗ ಹೇಳೀರಿ?” ಎಂದು ಕೇಳಿದೆ.

ಹೇಳಿರಲಿಲ್ಲ. ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಕೂತವರು, ಮುದ್ರೆ ಬೀಳದ ಕಾಗದ ಮುಟ್ಟಿದವರಲ್ಲ. ಕಾಗದಪತ್ರ ನೆಟ್ಟಗಿಲ್ಲದ ಹುಡುಗನನ್ನು ಅವರ ಮುಂದೆ ಹೇಗೆ ನಿಲ್ಲಿಸಲಿ ಎಂಬುದು ಅಕ್ಕೋರ ವಾದ. ಹುಕುಮು ಕೈಗೆ ಬಂದ ಮೇಲೆ ಎಲ್ಲವನ್ನೂ ಎದುರಿಗಿಟ್ಟು ಕೇಳುವುದು. “ನಾನೇ ಕೇಳ್ತೀನಿ. ಅವರು ಬ್ಯಾಡ ಅಂದ್ರ ನೋಟೀಸ್ ವಾಪಸ್ ತಗೋತೀನಿ. ಅಲ್ಲೀತನ ನೀ ಬಾಯಿ ಮುಚ್ಚಿಕೊಂಡಿರು.”

ಬಾಯಿ ಮುಚ್ಚಿಕೊಂಡೇ ಇದ್ದೆ. ನಮ್ಮವ್ವನಿಗೂ ಹೇಳಲಿಲ್ಲ. ಆದರೆ ಕಾಲು ನನ್ನ ಮಾತು ಕೇಳಬೇಕಲ್ಲ. ನನ್ನ ಆಫೀಸಿಗೂ ನೋಂದಣಿ ಕಚೇರಿಗೂ ನಡುವೆ ಒಂದು ರಸ್ತೆ ಅಷ್ಟೆ. ಆಡು ತಿಂದಿದೆಯೋ, ಗಾಳಿಗೆ ಹಾರಿದೆಯೋ ಎಂದು ದಿನಾ ಹನ್ನೊಂದಕ್ಕೆ ಹೋಗಿ ನೋಡಿ ಬರುತ್ತಿದ್ದೆ. ಅಂಟು ಬಿಟ್ಟಿದ್ದರೆ ಒತ್ತುತ್ತಿದ್ದೆ. ಕೆಲವು ದಿನ ಮೂರು ಗಂಟೆಗೂ ಒಮ್ಮೆ. ಹೊಲ ಮಾರಾಟದ, ದಾಖಲೆ ಕಳೆದ ನೂರೆಂಟು ಕಾಗದಗಳ ನಡುವೆ ಟೈಪು ಮಾಡಿದ ಅದೊಂದು ಹಾಳೆಯನ್ನು ನನ್ನ ಹೊರತು ಯಾರೂ ಓದುತ್ತಿರಲಿಲ್ಲ.

ಆ ಕಚೇರಿಯ ಮೆಟ್ಟಿಲ ಮೇಲೆ ಒಬ್ಬ ಬಾಂಡ್ ರೈಟರ್ ಕೂಡುತ್ತಿದ್ದ. ಹೊಲ ಮನೆಯ ಖರೀದಿ ಪತ್ರ ಬರೆಯುವುದು ಅವನ ಕೆಲಸ, ಯಾರು ಏನು ಕೊಳ್ಳುತ್ತಾರೆಂದು ಮೂಸಿ ನೋಡುವುದು ಚಟ. ಸುಮಾರು ಇಪ್ಪತ್ತನೆಯ ದಿನ ನನ್ನನ್ನು ತಡೆದು, “ಏನೋ, ಯಾವ ಹೊಲದ ಮ್ಯಾಲ ಕಣ್ಣಿಟ್ಟೀ? ಹೇಳು, ಪಾಲು ಕೇಳಂಗಿಲ್ಲ” ಎಂದ. ಏನಿಲ್ರಿ, ಹಿಂಗೇ ಎಂದೆ. ಹೊಲ ಎಂದೇ ಹೇಳಿಬಿಟ್ಟಿದ್ದರೆ ಆಗುತ್ತಿತ್ತೋ ಏನೋ...

ಇಪ್ಪತ್ತೈದನೆಯ ದಿನ ಹುಕುಮು ಬಂತು. ದಂಡ ಕಟ್ಟಿ ಒಂದು ತಿಂಗಳೊಳಗೆ ಹೊರಡಬೇಕು, ಹೊಸದಾಗಿ ಅರ್ಜಿ ಹಾಕಿ ಬರಲು ಅಡ್ಡಿಯಿಲ್ಲ. ಅಕ್ಕೋರು ಅದನ್ನು ಎರಡು ಸಲ ಓದಿ ಮಡಿಚಿ ಪರ್ಸಿನಲ್ಲಿಟ್ಟುಕೊಂಡರು. ಮರುದಿನ ಏಕಾದಶಿ, ಉಪವಾಸದ ಮನುಷ್ಯನ ಹತ್ತಿರ ದೊಡ್ಡ ಮಾತು ಎತ್ತಬಾರದು. ದ್ವಾದಶಿ ಬೆಳಿಗ್ಗೆ ಪಾರಣೆಯ ಊಟವಾದ ಮೇಲೆ ಕಾಕಾ ಎಲೆಯಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂಡುತ್ತಿದ್ದರು. ಏನು ಕೇಳಿದರೂ ಹ್ಞೂಂ ಅನ್ನುವ ಹೊತ್ತು ಅದು. ಚಿಕ್ಕಂದಿನಿಂದ ಅಕ್ಕೋರು ತಮಗೆ ಬೇಕಾದ್ದನ್ನೆಲ್ಲ ಆ ಹೊತ್ತಿಗೇ ಕೇಳಿ ಪಡೆದವರು.

ಏಕಾದಶಿ ದಿನ ಹನ್ನೊಂದಕ್ಕೆ ನಾನು ಬೋರ್ಡಿಗೆ ಹೋಗಿ ಬಂದೆ. ನಾನು ಈಚೆ ಬರುತ್ತಲೇ ಬಾಂಡ್ ರೈಟರ್ ಚಷ್ಮಾ ಹಾಕಿಕೊಂಡು ಎದ್ದು ನಾನು ನಿಂತಿದ್ದ ಜಾಗದಲ್ಲೇ ನಿಂತ. ನನ್ನ ಆಫೀಸಿನ ಕಿಟಕಿಯಿಂದ ಅದು ಕಾಣುತ್ತಿತ್ತು. ಅವನು ಓದಿದ, ಮೆಟ್ಟಿಲ ಮೇಲಿದ್ದ ಇನ್ನಿಬ್ಬರನ್ನು ಕರೆದು ಅವರಿಗೂ ಓದಿ ಹೇಳಿದ. ಹೋಗಿ ಏನು ಮಾಡಬೇಕೆಂದು ತಿಳಿಯದೆ ನಾನು ಕುರ್ಚಿಯಲ್ಲೇ ಕೂತೆ.

ಮಧ್ಯಾಹ್ನ ವಾಚನಾಲಯದಲ್ಲಿ ಪೇಪರು ಓದುತ್ತಿದ್ದ ಕಾಕಾ ಅವರಿಗೆ ಆ ಬಾಂಡ್ ರೈಟರೇ ಹೋಗಿ, “ಪೇಡಾ ಯಾವಾಗ್ರಿ ಮಾಸ್ತರ್ರ? ನೋಟೀಸ್ ಹಚ್ಚಿ ಇಪ್ಪತ್ತಾರು ದಿನ ಆತು” ಎಂದನಂತೆ. ಸ್ವಲ್ಪ ಹೊತ್ತಿಗೆ ಕಾಕಾ ಬೋರ್ಡಿನ ಮುಂದೆ ಬಂದು ನಿಂತದ್ದು ನನ್ನ ಕಿಟಕಿಯಿಂದ ಕಂಡಿತು. ಅಂಚೆ ಕಚೇರಿಯಲ್ಲಿ ಟೆಲಿಗ್ರಾಂ ಓದುತ್ತಿದ್ದ ಹಾಗೆ, ಮೇಲಿನಿಂದ ಕೆಳಗಿನವರೆಗೆ ಎರಡು ಸಲ ಓದಿದರು. ಊರಿನ ಹುಟ್ಟು, ಸಾವು, ನೌಕರಿ ಎಲ್ಲ ಮೊದಲು ತಿಳಿಯುತ್ತಿದ್ದದ್ದು ಅವರಿಗೇ. ಹೋಗುವ ಮುಂಚೆ ನೋಟೀಸಿನ ಒಂದು ಮೂಲೆ ಎದ್ದಿದ್ದನ್ನು ಕಂಡು ಹೆಬ್ಬೆರಳಿನಿಂದ ಒತ್ತಿದರು.

ಸಂಜೆ ಅಕ್ಕೋರು ಶಾಲೆಯಿಂದ ಬಂದಾಗ ನಾನು ನಮ್ಮ ಹಿತ್ತಲಲ್ಲಿದ್ದೆ. ನಡುವಿನ ಗೋಡೆ ಗಿಡ್ಡದು. ನಾಳೆ ಪಾರಣೆಯಾದ ಮೇಲೆ ನಿಮ್ಮನ್ನು ಕೇಳಬೇಕೆಂದಿದ್ದೆ ಎಂದು ಅವರು ಹೇಳಿದ್ದು ಕೇಳಿಸಿತು.

“ಊರೆಲ್ಲಾ ಓದಿದ ಮ್ಯಾಲ ಕೇಳೂದಂದ್ರ ಅದು ಕೇಳೂದಲ್ಲವ್ವಾ, ತಿಳಿಸೂದು,” ಎಂದರು ಕಾಕಾ. ದನಿ ಏರಿರಲಿಲ್ಲ. “ತಿಳೀತು.”

“ನೀವು ಬ್ಯಾಡ ಅಂದ್ರ ವಾಪಸ್ ತಗೋತೀನಿ ಅಪ್ಪಾ.”

“ಬ್ಯಾಡ ಯಾಕ ಅನ್ನಲಿ? ಹುಡುಗ ಛಲೋ ಇದ್ದಾನ. ಆಗು. ನನ್ನ ಹ್ಞೂಂ ಏನೂ ಉಳದಿಲ್ಲ ಇದ್ರಾಗ.”

ಅಷ್ಟೇ. ಮರುದಿನ ಪಾರಣೆ ಹೊತ್ತಿಗೆ ಸರಿಯಾಗಿ ಆಯಿತು. ಕಾಕಾ ಎಂದಿನಂತೆ ಊಟ ಮಾಡಿ ಎಲೆಯಡಿಕೆ ಹಾಕಿಕೊಂಡು ಕಟ್ಟೆಯ ಮೇಲೆ ಕೂತರು. ಅಕ್ಕೋರು ಹುಕುಮಿನ ಕಾಗದ ತಂದು ತೋರಿಸಿದರು. ಮುದ್ರೆ ನೋಡಿ, ಸರಿಯಾಗಿದೆ ಎಂದು ತಿರುಗಿ ಕೊಟ್ಟರು.

ಮದುವೆಗೆ ಮೂವರು ಸಾಕ್ಷಿ ಬೇಕಿತ್ತು. ಒಬ್ಬರು ಶಾಲೆಯ ಹೆಡ್ ಅಕ್ಕೋರು, ಇನ್ನೊಬ್ಬ ನಾನು. ಮೂರನೆಯವರಿಗೆಂದು ನಾನು ಒಬ್ಬರನ್ನು ಗೊತ್ತುಮಾಡಿ, ಅವರು ಕೈಕೊಟ್ಟರೆ ಎಂದು ಮತ್ತೊಬ್ಬರನ್ನೂ ಕರೆತಂದಿದ್ದೆ. ಇಬ್ಬರೂ ಬೇಕಾಗಲಿಲ್ಲ. ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದು, ತಮ್ಮದೇ ಪೆನ್ನಿನಿಂದ ಸಹಿ ಹಾಕಿ, ಅಳಿಯನಿಗೆ ಒಂದು ಶಲ್ಯ ಹೊದಿಸಿದರು. ಹುಡುಗ ಅವರ ಕಾಲಿಗೆ ಬಿದ್ದ. ಮೂರು ವಾರಕ್ಕೆ ವಾಡಿ ಸ್ಟೇಷನ್ನಿನಲ್ಲಿ ಅವನನ್ನು ಮುಂಬೈ ಗಾಡಿಗೆ ಹತ್ತಿಸಿದೆವು. ಅವನು ತಿರುಗಿ ಬರುವುದೇ ಇಲ್ಲ ಎಂದು ನಾನು ಪ್ಲಾಟ್‌ಫಾರ್ಮಿನ ಮೇಲೆಯೇ ಚಿಂತೆ ಶುರುಮಾಡಿದೆ. ಎಂಟು ತಿಂಗಳಿಗೆ ಬಂದ, ಪಿಎಚ್.ಡಿ. ಮುಗಿಸಿದ, ಅಕ್ಕೋರನ್ನು ಕರೆದುಕೊಂಡು ಹೋದ. ಅವರು ಅಲ್ಲಿಯೂ ಒಂದು ಶಾಲೆಯಲ್ಲಿ ಕಲಿಸಿದರು. ಮಗಳ ಪತ್ರ ಬಂದ ದಿನವೇ ಕಾಕಾ ಉತ್ತರ ಬರೆದು ಹಾಕುತ್ತಿದ್ದರು.

ಕಾಕಾ ತೀರಿಕೊಂಡಾಗ ಅಕ್ಕೋರು ಬಂದಿದ್ದರು. ಕ್ರಿಯಾಕರ್ಮವೆಲ್ಲ ಮುಗಿದ ಮೇಲೆ ನಮ್ಮ ಮನೆಗೆ ಬಂದು ಕೂತು, “ಎಲ್ಲಾ ಕೊಟ್ರು ತಮ್ಮಾ. ಒಂದು ದಿನಕ್ಕೂ ಬ್ಯಾಡ ಅನ್ಲಿಲ್ಲ. ಆದ್ರ ನಾ ಕೇಳೂದು ಆಗಲೇ ಇಲ್ಲ,” ಎಂದರು. “ಆ ಬೋರ್ಡ್ ಯಾರೂ ಓದ್ತಿರಲಿಲ್ಲ. ಆ ಬಾಂಡ್ ರೈಟರ್ ಯಾಕ ಓದಿದ್ನೋ...” ಎಂದರು. ನಾನು ಚಹಾ ತರುತ್ತೇನೆಂದು ಒಳಗೆ ಹೋದೆ. ಚಹಾ ತಂದೆ, ಮಾತು ತರಲಿಲ್ಲ. ಇನ್ನೊಮ್ಮೆ ಬಂದಾಗ ಹೇಳಿದರಾಯಿತು ಎಂದುಕೊಂಡೆ.

ಮೂರು ವರ್ಷದ ಹಿಂದೆ ಅವರ ಗಂಡ ಫೋನು ಮಾಡಿದ್ದ. “ಅಕ್ಕೋರು ಹೋದ್ರಿ,” ಎಂದ, ನಮ್ಮೂರವರ ಹಾಗೆಯೇ. ಬೋರ್ಡಿನ ಮಾತನ್ನು ಅವನಿಗೂ ನಾನು ಹೇಳಲಿಲ್ಲ. ಹೇಳಬೇಕಾದವರು ಅವನಾಗಿರಲಿಲ್ಲ.

ಈಗ ನನಗೆ ಐವತ್ತು ದಾಟಿದೆ, ಚಿಂತೆಗಳಿಗೆ ಹೊಸ ಹೆಸರುಗಳು ಬಂದಿವೆ, ಡಾಕ್ಟರು ಅವಕ್ಕೆ ಗುಳಿಗೆ ಕೊಡುತ್ತಾರೆ. ಆಗಿನ ನನ್ನ ಭಯಗಳಲ್ಲಿ ಒಂದೂ ನಿಜವಾಗಲಿಲ್ಲ. ಜೀಪು ಬರಲಿಲ್ಲ. ಯಾರ ನೌಕರಿಯೂ ಹೋಗಲಿಲ್ಲ. ತಕರಾರು ಬರಲಿಲ್ಲ, ಆ ತಿಂಗಳು ಮಳೆಯೂ ಬರಲಿಲ್ಲ. ಸಹಿ ಹಾಕುವ ದಿನ ನಾನು ಗಟ್ಟಿಮುಟ್ಟಾಗಿದ್ದೆ. ಮಗಳು ತಂದೆಯನ್ನು ಒಂದು ಮಾತು ಕೇಳಬೇಕೆಂದು ಒಂದು ಬೆಳಗನ್ನು ತೆಗೆದಿಟ್ಟಿದ್ದಳು. ಅದರ ಹಿಂದಿನ ದಿನ ಹನ್ನೊಂದು ಗಂಟೆಗೆ ನಾನು ರಸ್ತೆ ದಾಟಿದೆ.