ಸೊಂಟದ ಮೂಳೆ ಮಣಿಕಟ್ಟಿಗೆ

ಮತ್ತಿನ ಇಂಜೆಕ್ಷನ್ ಕೊಟ್ಟ ಮೇಲೆ ನನಗೆ ಎಚ್ಚರವೇ ಆಗದಿರಬಹುದು. ಅಥವಾ ಅರ್ಧದಲ್ಲೇ ಎಚ್ಚರವಾಗಿ ಎಲ್ಲವನ್ನೂ ಕಣ್ಣಾರೆ ನೋಡಬೇಕಾಗಬಹುದು. ಬಲಗೈ ಬದಲು ಎಡಗೈ ಕೊಯ್ಯಬಹುದು. ಡಾಕ್ಟರು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ತಲೆ ಕೆಡಿಸಿಕೊಂಡು ಬಂದು ಕತ್ತರಿ ಹಿಡಿಯಬಹುದು. ಒಳಗೆ ಹಾಕುವ ಸ್ಕ್ರೂ ತುಕ್ಕು ಹಿಡಿಯಬಹುದು. ಎಲ್ಲ ಸರಿಯಾಗಿ ನಡೆದೂ ಮೂಳೆ ಮಾತ್ರ ಕೂಡದೇ ಹೋಗಬಹುದು. ಕಳೆದ ವರ್ಷ ಕಾರ್ತೀಕ ಮಾಸದಲ್ಲಿ, ಜಯನಗರದ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ಕಾಯುತ್ತ ಮಲಗಿದ್ದಾಗ ಇಷ್ಟನ್ನೂ ಯೋಚಿಸಿ ಮುಗಿಸಿದ್ದೆ. ಇದರಲ್ಲಿ ಕೊನೆಯದು ಮಾತ್ರ ನಿಜವಾದ ಭಯ, ಉಳಿದವು ನನ್ನ ಅಭ್ಯಾಸ.

ಯಡಿಯೂರಿನ ನಮ್ಮ ಮನೆಯಲ್ಲಿ ಕೂತು ನಾನು ಸೀರೆಗಳ ಸೆರಗಿಗೆ ಕುಚ್ಚು ಹಾಕುತ್ತೇನೆ. ರೇಷ್ಮೆ ಎಳೆಗಳನ್ನು ಸೇರಿಸಿ ಗಂಟು ಬಿಗಿಯುವಾಗ ಬಲ ಮಣಿಕಟ್ಟು ಒಂದು ಸಣ್ಣ ತಿರುವು ಕೊಡಬೇಕು. ಆ ತಿರುವೇ ನನ್ನ ಕಸುಬು.

ಆ ವರ್ಷದ ಯುಗಾದಿಯ ಹಿಂದಿನ ದಿನ ಬಾಗಿಲು ತೊಳೆಯುವಾಗ ಜಾರಿದೆ, ಅಂಗೈ ಊರಿ ಬಿದ್ದೆ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಈ ಜಾಗದ ಬಿರುಕು ಮೊದಲು ಕಾಣದೆಯೂ ಇರಬಹುದು, ನೋವು ಹೋಗದಿದ್ದರೆ ಮತ್ತೆ ಬನ್ನಿ ಎಂದು ಆಸ್ಪತ್ರೆಯವರು ಹೇಳಿದ್ದರು. ನೋವು ಹೋಗಲಿಲ್ಲ, ನಾನೂ ಹೋಗಲಿಲ್ಲ. ಮದುವೆಯ ಸೀಸನ್, ಮಂಚದ ತುಂಬ ಸೀರೆ. ಮಹಡಿ ಮನೆಯ ಆಂಟಿ ಉಳುಕು ಎಂದು ತೀರ್ಮಾನಿಸಿ, ಬಿಸಿ ಹರಳೆಣ್ಣೆ ಹಚ್ಚಿ ನೀವಿಕೊಟ್ಟರು. ಹಾಯ್ ಎನಿಸಿತು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬಸ್ ಸ್ಟಾಪಿನಿಂದ ವಾಪಸ್ ಬರುವವಳು ನಾನು. ಹೆದರಬೇಕಾದ ಒಂದೇ ಒಂದಕ್ಕೆ ಹೆದರದೆ ಕೂತೆ.

ಗೌರಿ ಹಬ್ಬದ ಹೊತ್ತಿಗೆ ಗಂಟು ಬಿಗಿಯಲಾಗುತ್ತಿರಲಿಲ್ಲ. ಬನಶಂಕರಿಯ ಹುಡುಗಿಯೊಬ್ಬಳು ಸೀರೆ ವಾಪಸ್ ತಂದು, "ಆಂಟಿ, ಬೇಜಾರ್ ಮಾಡ್ಕೋಬೇಡಿ, ಉಡೋಕ್ ಮುಂಚೇನೇ ಬಿಚ್ಕೊಳ್ತಿದೆ" ಎಂದಳು. ಅವಳು ಮೆತ್ತಗೆ ಹೇಳಿದ್ದಕ್ಕೇ ನನಗೆ ಹೆಚ್ಚು ನೋವಾಯಿತು. ಮರುದಿನವೇ ಸ್ಕ್ಯಾನ್ ಮಾಡಿಸಿದೆ.

ಡಾಕ್ಟರು ನಮ್ಮ ಮಗನ ವಯಸ್ಸಿನವರು. ಮಣಿಕಟ್ಟಿನೊಳಗೆ ಗೋಡಂಬಿಯಂಥ ಒಂದು ಪುಟ್ಟ ಮೂಳೆ ಇದೆಯಂತೆ. ಅದಕ್ಕೆ ರಕ್ತ ಹೋಗುವುದೇ ಕಡಿಮೆ, ಹಾಗಾಗಿ ಒಡೆದರೆ ಕೂಡುವುದು ಕಷ್ಟ. ನನ್ನದು ಎರಡು ತುಂಡಾಗಿ, ನಡುವೆ ಸವೆದು, ಬಾಗಿಹೋಗಿತ್ತು. ಆ ಜಾಗಕ್ಕೆ ಬೇರೆ ಕಡೆಯ ಮೂಳೆ ತುಂಬಿ ಸ್ಕ್ರೂ ಹಾಕಬೇಕು ಎಂದರು. ಮೂಳೆಗೆ ಮೂರು ದಾರಿ ಹೇಳಿದರು. ಸಂದು ಸಣ್ಣದಿದ್ದರೆ ಪಕ್ಕದ ಮುಂಗೈ ಮೂಳೆಯಿಂದಲೇ ಚೂರು ಕೆರೆದು ತುಂಬಬಹುದು. ತುಂಡಿನಲ್ಲಿ ಜೀವವೇ ಇಲ್ಲದಿದ್ದರೆ ರಕ್ತನಾಳದ ಸಮೇತ ಮೂಳೆ ಕೂರಿಸಬೇಕು. ನನ್ನ ಹಾಗೆ ಬಾಗಿದ್ದರೆ ಸೊಂಟದಿಂದ ಗಟ್ಟಿ ತುಂಡು ತೆಗೆದು ಬೆಣೆಯಂತೆ ಇಡುವುದು ವಾಸಿ.

ಜೊತೆಗೆ ಬಂದಿದ್ದ ನಮ್ಮ ಯಜಮಾನರು, "ಸಾರ್, ಸೊಂಟ ಬೇಕಾದ್ರೆ ನಂದು ತಗೊಳ್ಳಿ. ಇವಳನ್ನ ಎರಡ್ ಕಡೆ ಯಾಕೆ ಕೊಯ್ಯೋದು" ಎಂದರು. ತಮಾಷೆಯಲ್ಲ, ಮನಸ್ಸಿನಿಂದಲೇ ಹೇಳಿದ್ದು. ಟಿವಿ ಮುಂದೆ ಕೂತು ಸವೆದ ಸೊಂಟ ನನಗೆ ಬೇಡ ಎಂದೆ. ಡಾಕ್ಟರು ನಕ್ಕು, ಬೇರೆಯವರ ಮೂಳೆಗಿಂತ ಅವರವರದ್ದೇ ಚೆನ್ನಾಗಿ ಕೂಡುತ್ತದೆ ಎಂದು ಸಮಾಧಾನ ಹೇಳಿದರು.

"ಮತ್ತೆ ಕುಚ್ಚು ಹಾಕಬಹುದಾ ಡಾಕ್ಟ್ರೇ?" ಎಂದೆ.

"ಗ್ಯಾರಂಟಿ ಕೊಡಕ್ಕಾಗಲ್ಲ ಮೇಡಂ. ಕೂಡೋ ಚಾನ್ಸ್ ಚೆನ್ನಾಗಿದೆ. ಹಿಂಗೇ ಬಿಟ್ರೆ ಮಾತ್ರ ಕೀಲು ಸವೆದೋಗುತ್ತೆ. ಆಮೇಲೆ ನಾನೂ ಹೆಚ್ಚೇನ್ ಮಾಡಕ್ಕಾಗಲ್ಲ."

ಅಷ್ಟು ನೇರವಾಗಿ ಹೇಳಿದ್ದರಿಂದಲೇ ಧೈರ್ಯ ಬಂತು. ಒಪ್ಪಿಕೊಂಡೆ.

ಆಪರೇಷನ್ ಮುಗಿದು ಎಚ್ಚರವಾದಾಗ ಮೊದಲು ನೋಡಿದ್ದು ಬ್ಯಾಂಡೇಜ್ ಯಾವ ಕೈಗಿದೆ ಎಂದು. ಬಲಗೈಗೇ ಇತ್ತು. ವಿಚಿತ್ರವೆಂದರೆ ಕೈಗಿಂತ ಸೊಂಟವೇ ಹೆಚ್ಚು ನೋಯುತ್ತಿತ್ತು. ಕುಂಟಿಕೊಂಡು ಮನೆಗೆ ಬಂದವಳನ್ನು ಕಂಡು ಮಹಡಿ ಆಂಟಿ, "ಕೈ ತೋರಿಸಕ್ಕೆ ಹೋಗಿ ಕಾಲೂ ಮುರ್ಕೊಂಡ್ ಬಂದ್ಯಾ?" ಎಂದರು. ಎಣ್ಣೆ ಬಟ್ಟಲು ಮಾತ್ರ ತರಲಿಲ್ಲ.

ಶಿವರಾತ್ರಿ ಕಳೆದ ಮೇಲೆ ತೆಗೆದ ಸ್ಕ್ಯಾನಿನಲ್ಲಿ ಬಿರುಕಿನ ಗೆರೆ ಇರಲಿಲ್ಲ. ಡಾಕ್ಟರು ತೋರಿಸಿದ ಕಡೆಯೆಲ್ಲ ಬೆರಳಿಟ್ಟು ನೋಡಿದೆ. ಕೂಡಿತ್ತು. ಆಮೇಲೆ ವ್ಯಾಯಾಮ, ಬಿಸಿನೀರು, ನಿಧಾನವಾಗಿ ದಾರ. ಮೊದಲು ಕುಚ್ಚು ಹಾಕಿದ್ದು ನನ್ನದೇ ಒಂದು ಹಸಿರು ಸೀರೆಗೆ. ಬಿಚ್ಚಿಕೊಂಡರೆ ನನಗೊಬ್ಬಳಿಗೇ ಗೊತ್ತಾಗಲಿ ಎಂದು. ಬಿಚ್ಚಿಕೊಳ್ಳಲಿಲ್ಲ.

ಆ ಸೀರೆ ಉಟ್ಟು ಜೆ.ಪಿ. ನಗರದಲ್ಲಿ ನನ್ನ ತಂಗಿಯ ಮನೆಯ ಗೃಹಪ್ರವೇಶಕ್ಕೆ ಹೊರಟೆ. ಆಪರೇಷನ್ ಆದಾಗಿನಿಂದ ಆಸ್ಪತ್ರೆಗೂ ನೈಟಿಯಲ್ಲೇ ಹೋಗಿ ಬರುತ್ತಿದ್ದವಳು ಅವತ್ತೇ ಮೊದಲ ಸಲ ಲಂಗ ಕಟ್ಟಿದ್ದು. ಲಾಡಿ ಬಿಗಿದೆ, ಜೀವ ಹೋದಂತಾಯಿತು. ಮೂಳೆ ತೆಗೆದ ಗಾಯದ ಗುರುತು ಸರಿಯಾಗಿ ಲಂಗದ ಲಾಡಿ ಕೂರುವ ಜಾಗದಲ್ಲೇ ಇತ್ತು. ಅಷ್ಟೆಲ್ಲ ಸಾಧ್ಯತೆಗಳನ್ನು ಯೋಚಿಸಿದ ನನಗೂ ಅದು ಹೊಳೆದಿರಲಿಲ್ಲ, ಪ್ಯಾಂಟು ಬೆಲ್ಟಿನ ಡಾಕ್ಟರಿಗೂ ಹೊಳೆದಿರಲಿಲ್ಲ.

ಲಾಡಿ ಸಡಿಲ ಬಿಟ್ಟೆ. ನೆರಿಗೆ ಜಾರದಂತೆ ಇಡೀ ದಿನ ಬಲಗೈಯಲ್ಲಿ ಹಿಡಿದುಕೊಂಡೇ ಓಡಾಡಿದೆ. ಊಟಕ್ಕೆ ಕೂತಾಗ ಬಿಟ್ಟರೆ ಕೈ ತೆಗೆಯಲಿಲ್ಲ. ಸಂಜೆ ಮನೆಗೆ ಬಂದು ಸೀರೆ ಬಿಚ್ಚಿದ ಮೇಲೆ ಗಮನಿಸಿದೆ, ಕೈಗೆ ಒಮ್ಮೆಯೂ ನೋವಾಗಿರಲಿಲ್ಲ.